ಸಹಾಯ ಬೇಕು: ತಮ್ಮ ಹಿಮದ ಬೆಟ್ಟಕ್ಕೆ ಹೊರಟಿದ್ದಾನೆ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಜಿಗಣೆ ಕಿತ್ತುಕೊಳ್ಳುತ್ತಾ ಕೊಡಚಾದ್ರಿ ಹತ್ತಿ ಗೊತ್ತು. ಹಿಮ ನೋಡಿದ್ದು ಮಾತ್ರ ಫ್ರಿಜ್ಜಿನಲ್ಲೇ! ಈಗ ತಮ್ಮ ಫೆಬ್ರವರಿಯಲ್ಲಿ ಗೆಳೆಯರ ಜೊತೆ ಉತ್ತರಾಖಂಡಕ್ಕೆ ಚಾರಣ ಹೊರಟಿದ್ದಾನೆ. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ದ್ರೌಪದಿ ಕಾ ದಂಡಾ ಶಿಖರದಲ್ಲಿ ಆದ ಹಿಮಕುಸಿತ ನೆನೆದು ಅಮ್ಮನಿಗೆ ನಿದ್ದೆಯೇ ಇಲ್ಲ.

ನಾನು ಓದಿಕೊಂಡಿದ್ದು ಇಷ್ಟು: 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಜಾಸ್ತಿ. ಅಡಿಯ ಹಳೇ ಹಿಮ ಸಕ್ಕರೆ ಹರಳಿನ ಹಾಗೆ ಸಡಿಲವಾಗಿದ್ದರೆ, ಮೇಲಿನ ಗಟ್ಟಿ ಪದರ ಒಬ್ಬ ಮನುಷ್ಯನ ಭಾರಕ್ಕೇ ಬಿರುಕು ಬಿಟ್ಟು ಹಲಗೆಯಂತೆ ಜಾರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಧರೆ ಕುಸಿದ ಹಾಗೆ ಅಂದುಕೊಂಡಿದ್ದೆ, ಇದರ ಲೆಕ್ಕವೇ ಬೇರೆ ಅಲ್ವಾ?

ಚಂಡೀಗಢದ ಡಿಜಿಆರ್‌ಇ (ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ) ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಅಪಾಯದ ಮಟ್ಟ ತೋರಿಸುವ ಬಣ್ಣ ಹಳದಿ ಇದ್ದರೆ ಹೋಗಬಹುದಾ, ಸುಮ್ನೆ ವಾಪಸ್ ಬರಬೇಕಾ? ಬೀಕನ್ (ಹಿಮದಡಿ ಹೂತುಹೋದವರನ್ನು ಪತ್ತೆ ಹಚ್ಚಲು ಸಂಕೇತ ಕಳಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕಂತೆ. ಕರೆದುಕೊಂಡು ಹೋಗುವವರನ್ನು ಕೇಳಿದರೆ "ಅದೆಲ್ಲಾ ಬೇಡ ಮೇಡಂ" ಅಂತ ನಕ್ಕರು. ನನಗಂತೂ ಆ ನಗು ಹಿಡಿಸಲಿಲ್ಲ.

ಬೀಕನ್ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದಾ? ಚಳಿಗಾಲದಲ್ಲಿ ಆ ಕಡೆ ಹೋಗಿಬಂದವರು ದಯವಿಟ್ಟು ತಿಳಿಸಿ. ಮುಂದಿನ ವಾರದೊಳಗೆ ದುಡ್ಡು ಕಟ್ಟಬೇಕು.