ಟ್ರೀಟ್‌ಮೆಂಟ್ ಮುಗಿದಿದೆ, ಮಾಂಸ ಬಿಟ್ಟಿದ್ದೇನೆ. ದಿನದ ಊಟ ಹೇಗಿರಬೇಕು?

ಕಾಫಿತೋಟದವಳು (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಎಡ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಮನೆಗೆ ಬಂದಿದ್ದೇನೆ. ಈಗ ಕಾಯಿಲೆ ಮತ್ತೆ ಬರದಿರಲಿ ಅಂತ ದಿನಾ ಒಂದು ಲೆಟ್ರೊಜೋಲ್ ಮಾತ್ರೆ. ಕೊನೆಯ ಸಲ ಹೋದಾಗ ಡಾಕ್ಟರ್ "ಇನ್ನು ಎಲ್ಲಾ ತಿನ್ನಬಹುದಮ್ಮ" ಅಂದರು. ಎಲ್ಲಾ ಅಂದರೆ ಏನೇನು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದು ಕೂತಾಗಿತ್ತು.

ನಮ್ಮದು ಮಾಂಸ ತಿನ್ನುವ ಮನೆ. ಕಡುಬು, ಕೋಳಿಸಾರು ಇಲ್ಲದೆ ಹಬ್ಬ ಆಗಲ್ಲ. ಮಳೆ ಹಿಡಿದರೆ ಗದ್ದೆ ಏಡಿ. ಆದರೆ ಕೀಮೋ ಶುರುವಾದ ಮೇಲೆ ಮಸಾಲೆ ಹುರಿಯುವ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು, ಬಾಯಲ್ಲಿ ಯಾವಾಗಲೂ ತಗಡು ನೆಕ್ಕಿದ ಹಾಗೆ. ಈಗ ರುಚಿ ವಾಪಸ್ ಬಂದಿದೆ, ಮಾಂಸದ ಆಸೆ ಮಾತ್ರ ಬರಲಿಲ್ಲ. ಸರಿ, ಬಿಟ್ಟೇಬಿಡೋಣ ಅಂತ ತೀರ್ಮಾನ ಮಾಡಿದೆ. ಸೊಪ್ಪು, ಕಾಳು, ತರಕಾರಿ, ರಾಗಿ, ಅಕ್ಕಿ. ಮೊಸರು ಬಿಡಲು ಮನಸ್ಸಿಲ್ಲ. ಕಾಫಿ ಬಿಡಿ ಅಂದರೆ ಊರೇ ಬಿಡಬೇಕಾಗುತ್ತದೆ.

ಕಷ್ಟ ಇರುವುದು ಸಲಹೆ ಕೊಡುವವರದು. "ಕಾಲುಸೂಪು ಕುಡಿಯದೆ ಮೈಗೆ ಶಕ್ತಿ ಎಲ್ಲಿಂದ ಬರುತ್ತೆ" ಅಂತ ಅತ್ತೆ. ಸಕ್ಕರೆ ಮುಟ್ಟಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ ಅಂತ ಅಳಿಯ ವಿಡಿಯೋ ಕಳಿಸುತ್ತಾನೆ. ನಾದಿನಿ ಲಕ್ಷ್ಮಣಫಲದ ಎಲೆ ಒಂದು ಚೀಲ ತಂದಿಟ್ಟು, ದಿನಾ ಕಷಾಯ ಕುಡಿ ಅಂದಿದ್ದಾಳೆ. ಪಕ್ಕದ ತೋಟದವರು ಅರಿಸಿನದ ಕ್ಯಾಪ್ಸೂಲ್ ಡಬ್ಬ ಕೊಟ್ಟಿದ್ದಾರೆ. ಸೋಯಾ ಮುಟ್ಟಲೇಬಾರದು ಅಂತ ಇನ್ನೊಬ್ಬರು. ಯಾರದ್ದನ್ನು ಕೇಳಲಿ?

ಬೆಳಗ್ಗೆ ಏಳುವಾಗ ಮಂಡಿ, ಬೆರಳ ಗೆಣ್ಣು ಹಿಡಿದುಕೊಂಡಿರುತ್ತದೆ. ಬೆರಳ ತುದಿಯಲ್ಲಿ ಜೋಮು ಪೂರ್ತಿ ಹೋಗಿಲ್ಲ. ಹನ್ನೊಂದು ಗಂಟೆಗೆಲ್ಲ ಸುಸ್ತು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ, ಜಾಸ್ತಿ ಕೆಲಸ ಮಾಡಿದರೆ ಎಡಗೈ ಭಾರ ಅನಿಸುತ್ತದೆ. ಹಣ್ಣು ಕೊಯ್ಯುವ ಕಾಲ ಬರುತ್ತಿದೆ, ಸುಮ್ನೆ ಜಗಲಿಯಲ್ಲಿ ಕೂತಿರಲು ನನ್ನಿಂದ ಆಗಲ್ಲ. ಇಂಥದ್ದನ್ನು ದಾಟಿ ಬಂದವರು ದಿನ ಹೇಗೆ ಕಳೆಯುತ್ತೀರಿ, ಏನು ಬೇಯಿಸುತ್ತೀರಿ, ಹೇಳಿ.

ಹಾಸನದ ಟೀಚರಮ್ಮ

ನಾನೂ ಅದೇ ದಾರಿಯಲ್ಲಿ ಬಂದವಳು, ಅದೇ ಮಾತ್ರೆ ನುಂಗಿದವಳು. ಮೇಷ್ಟರ ಕೆಲಸದಿಂದ ನಿವೃತ್ತಿ ಆಗಿದೆ, ಬುದ್ಧಿ ಹೇಳುವ ಚಟ ಬಿಟ್ಟಿಲ್ಲ. ಉದ್ದ ಬರೆಯುತ್ತೇನೆ, ಓದಿಕೊಳ್ಳಿ.

ಮೊದಲು ಒಂದು ಮಾತು. ನೀವು ಹೊಸದೇನೂ ಕಲಿಯಬೇಕಾಗಿಲ್ಲ. ನಮ್ಮ ಕಡೆ ವಾರದ ಆರು ದಿನ ಒಲೆ ಮೇಲೆ ಇರುವುದು ಸೊಪ್ಪು, ಕಾಳು, ಮುದ್ದೆ ತಾನೇ? ಆರೋಗ್ಯದ ಊಟ ಅಂತ ಓಟ್ಸ್, ಕಿನೋವಾ, ಬೆಣ್ಣೆಹಣ್ಣು ಹುಡುಕಿಕೊಂಡು ಹೋಗುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ನೋಡಿಕೊಳ್ಳಬೇಕಾದ್ದು ಒಂದೇ, ಕಾಳು ಕಡಿಮೆಯಾಗಬಾರದು. ಮಾಂಸ ಬಿಟ್ಟವರು ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ ಹಾಕಿಕೊಳ್ಳುತ್ತಾರೆ. ತೂಕ ಏರುತ್ತದೆ, ಕೈಕಾಲಿಗೆ ಬಲ ಬರಲ್ಲ.

ನಮ್ಮ ಮನೆಯಲ್ಲಿ ಹುರುಳಿ ಬಸ್ಸಾರು ವಾರಕ್ಕೆ ಎರಡು ಸಲವಾದರೂ ಇರುತ್ತದೆ. ಹುರುಳಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಮಾರನೇ ದಿನ ಮೊಳಕೆ ಮೂಗು ತೋರಿಸಿರುತ್ತದೆ. ಕುಕ್ಕರಿನಲ್ಲಿ ಬೇಯಿಸಿ, ನುಗ್ಗೆಸೊಪ್ಪನ್ನು ಕೊನೆಗೆ ಹಾಕಿ ಒಂದು ಕುದಿ ಬಂದ ಮೇಲೆ ಕಟ್ಟು ಬಸಿಯುತ್ತೇನೆ. ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸ್ವಲ್ಪ ಕಾಯಿ ರುಬ್ಬಿ ಕಟ್ಟಿಗೆ ಸೇರಿಸಿ, ಹುಣಸೆರಸ ಬಿಟ್ಟು ಕುದಿಸುವುದು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ. ಗಮನಿಸಿ, ಕೆಲವರು ಸಾರನ್ನು ಮುದ್ದೆಗೆ ಹಾಕಿಕೊಂಡು ಪಲ್ಯವನ್ನು ಎಲೆ ಮೂಲೆಯಲ್ಲಿ ಒಂದು ಚಮಚ ಬಡಿಸಿಕೊಳ್ಳುತ್ತಾರೆ. ಪ್ರೋಟೀನ್ ಇರುವುದು ಆ ಪಲ್ಯದಲ್ಲಿ! ನಾನು ಪಲ್ಯಕ್ಕೆ ಬಟ್ಟಲು ಇಟ್ಟುಕೊಳ್ಳುತ್ತೇನೆ. ಉಪ್ಪು ಮಾತ್ರ ಕೈ ಹಿಡಿದು ಹಾಕಿ.

ಬೆಳಗ್ಗೆ ಅಕ್ಕಿರೊಟ್ಟಿ ಮಾಡಿದರೆ ಹಿಟ್ಟಿಗೆ ತುಂಬಾ ಸೊಪ್ಪು, ಹುಚ್ಚೆಳ್ಳಿನ ಚಟ್ನಿಪುಡಿ. ಅವರೆ ಕಾಲದಲ್ಲಿ ಅವರೆಕಾಳು ಎಲ್ಲದಕ್ಕೂ. ಸಂಜೆ ಬೇಯಿಸಿದ ಕಡಲೆಕಾಯಿ, ಇಲ್ಲವೇ ಹೆಸರುಕಾಳು ಉಸ್ಲಿ. ನಿಮ್ಮ ಮಲೆನಾಡಿನಲ್ಲಿ ಹಲಸಿನ ಬೀಜ, ಕಳಲೆ, ಕೆಸು ಎಲ್ಲ ಇದೆ. ಬೀಜ ಒಳ್ಳೆಯದೇ, ಆದರೆ ಅದನ್ನು ಕಾಳಿನ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಪಿಷ್ಟವೇ ಜಾಸ್ತಿ.

ಬೆರಳಿಗೆ ಜೋಮು ಅಂದಿರಿ. ಅದು ಹೋಗುವ ತನಕ ಈಳಿಗೆಮಣೆ ಹತ್ತಿಬಿಡಬೇಡಿ. ತುದಿಗೆ ಸ್ಪರ್ಶ ಗೊತ್ತಾಗದಿದ್ದರೆ ಕುಯ್ದುಕೊಂಡದ್ದು ರಕ್ತ ನೋಡಿದ ಮೇಲೇ ತಿಳಿಯುವುದು. ಬಿಸಿಯೂ ಅಷ್ಟೇ. ಮುದ್ದೆಯನ್ನು ಕೈಯಲ್ಲಿ ಕಟ್ಟುವ ಬದಲು ತುಪ್ಪ ಸವರಿದ ಬಟ್ಟಲಿಗೆ ಹಾಕಿ ಕುಲುಕಿ, ತಾನೇ ಗುಂಡಗಾಗುತ್ತದೆ. ಎಡಗೈ ಗಂಟು ತೆಗೆದ ಕಡೆಯದು, ಅದರಲ್ಲಿ ಸೂಜಿ ಚುಚ್ಚಲು, ಬಿಪಿ ನೋಡಲು ಬಿಡಬೇಡಿ, ಬಲಗೈ ಕೊಡಿ. ತೋಟಕ್ಕೆ ಹೋಗಿ, ಖಂಡಿತ ಹೋಗಿ. ತುಂಬುತೋಳಿನ ಅಂಗಿ, ಕೈಗೆ ಗ್ಲೌಸ್ ಹಾಕಿಕೊಂಡು ಹೋಗಿ. ಗೀರು ಆದರೆ ಆಗಲೇ ಸೋಪಿನಲ್ಲಿ ತೊಳೆಯಿರಿ. ಕೈ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಜ್ವರ ಬಂದರೆ, ಅರಿಸಿನ ಮೆತ್ತಿ ಕಾಯುತ್ತಾ ಕೂರಬಾರದು. ಅದು ಸೋಂಕು, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ಇನ್ನು ಬೀಗರೂಟ. ಅದೇ ನಿಜವಾದ ಪರೀಕ್ಷೆ ಅಲ್ವಾ? ಮನೆಯಲ್ಲೇ ಒಂದು ಬಟ್ಟಲು ಉಸ್ಲಿ ತಿಂದು ಹೋಗುತ್ತೇನೆ. ಅಲ್ಲಿ ಅನ್ನ, ತಿಳಿಸಾರು, ಮೊಸರು. ಯಾಕೆ ಅಂತ ಕೇಳಿದರೆ "ಡಾಕ್ಟರ್ ಬೇಡ ಅಂದಿದ್ದಾರೆ" ಅಂದುಬಿಡುತ್ತೇನೆ. ಸುಳ್ಳೇ ಇರಬಹುದು, ಆದರೆ "ನನಗೆ ಇಷ್ಟ ಇಲ್ಲ" ಅಂದರೆ ಅರ್ಧ ಗಂಟೆ ಚರ್ಚೆ ಆಗುತ್ತದೆ.

ಘಾಟಿ ಕೆಳಗಿನ ಗಾಳಿ (ಸಕಲೇಶಪುರ)

ನನ್ನದು ದೊಡ್ಡ ಕರುಳಿನದು. ಹಾಗಾಗಿ ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಟೀಚರಮ್ಮ ಬೇಜಾರು ಮಾಡಿಕೊಳ್ಳಬೇಡಿ.

ಹುರುಳಿ, ಸೊಪ್ಪು ಎಲ್ಲರಿಗೂ ಆಗಿಬರಲ್ಲ. ನನಗೆ ಆಪರೇಷನ್ ಆದ ಹೊಸದರಲ್ಲಿ ನಾರಿನ ಪದಾರ್ಥವನ್ನೇ ಕಡಿಮೆ ಮಾಡಿಸಿದ್ದರು. ಮೆತ್ತಗಿನ ಅನ್ನ, ತೊವ್ವೆ, ಸಿಪ್ಪೆ ತೆಗೆದ ತರಕಾರಿ, ಮೊಸರು. ಆಮೇಲೆ ಒಂದೊಂದಾಗಿ ಸೇರಿಸಿಕೊಂಡು ಬಂದೆ. ಮೊದಲು ಹೆಸರುಬೇಳೆ, ಆಮೇಲೆ ತೊಗರಿ, ಕಡಲೆ ಕೊನೆಗೆ. ಇದನ್ನು ಓದುವ ಕರುಳಿನ ಪೇಷಂಟ್‌ಗಳು ಮೊದಲ ದಿನವೇ ಮೊಳಕೆ ಹುರುಳಿಗೆ ಕೈ ಹಾಕಬೇಡಿ ಅಂತ ಇಷ್ಟು ಬರೆದೆ. ಕೀಮೋ ನಡೆಯುತ್ತಿರುವವರು ಬಿಳಿ ರಕ್ತಕಣ ಕಡಿಮೆ ಇದ್ದಾಗ ಹಸಿ ಮೊಳಕೆಯನ್ನೂ ತಿನ್ನಬಾರದು, ಬೇಯಿಸಿಯೇ ತಿನ್ನಬೇಕು.

ಇನ್ನೊಂದು. ಮಾಂಸ ಪೂರ್ತಿ ಬಿಡಲೇಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಕುರಿ, ಹಂದಿ ಬಿಟ್ಟಿದ್ದೇನೆ. ಮೊಟ್ಟೆ, ಹೊಳೆಮೀನು ತಿನ್ನುತ್ತೇನೆ. ಅಕ್ಕ, ನಿಮಗೆ ಬೇಡ ಅನಿಸಿದರೆ ಬೇಡ, ಆದರೆ ಭಯಕ್ಕೆ ಬಿಡಬೇಡಿ. ಜೋಮಿನ ಬಗ್ಗೆ ನನಗೂ ಗೊತ್ತು. ಕೀಮೋ ಹೊತ್ತಿನಲ್ಲಿ ಡಿಸೆಂಬರ್ ಚಳಿಯಲ್ಲಿ ನಲ್ಲಿ ನೀರು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ನನಗೆ ಕೊಟ್ಟಿದ್ದ ಆಕ್ಸಾಲಿಪ್ಲಾಟಿನ್ ಔಷಧದ ಗುಣವೇ ಅದು.

ಪಥ್ಯದ ಪುಟ್ಟಿ

ನಾನು ಚಿಕ್ಕಮಗಳೂರಿನ ಹುಡುಗಿ, ಬೆಂಗಳೂರಿನಲ್ಲಿ ಡಯಟಿಷಿಯನ್. ನಿಮ್ಮ ರಿಪೋರ್ಟ್ ನೋಡಿಲ್ಲ, ಅದಕ್ಕೆ ಸಾಮಾನ್ಯವಾಗಿ ಹೇಳುವುದನ್ನಷ್ಟೇ ಹೇಳುತ್ತೇನೆ.

ಘಾಟಿಯವರು ಹೇಳಿದ ಭಯದ ಮಾತು ಸರಿ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಗುಣವಾದ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು, ಫಲಿತಾಂಶ 2007ರಲ್ಲಿ ಬಂತು. ಒಂದು ಗುಂಪಿಗೆ ತರಕಾರಿ, ಹಣ್ಣು, ನಾರು ತುಂಬಾ ಜಾಸ್ತಿ ಕೊಟ್ಟರು, ಇನ್ನೊಂದಕ್ಕೆ ಮಾಮೂಲಿ ಒಳ್ಳೆಯ ಊಟದ ಸಲಹೆ. ಏಳು ವರ್ಷದ ಮೇಲೆ ನೋಡಿದರೆ ಕಾಯಿಲೆ ಮತ್ತೆ ಬರುವುದರಲ್ಲಿ ವ್ಯತ್ಯಾಸ ಇರಲಿಲ್ಲ. ಸೊಪ್ಪು-ಕಾಳಿನ ಊಟ ಹೃದಯಕ್ಕೆ, ತೂಕಕ್ಕೆ, ಸಕ್ಕರೆ ಕಾಯಿಲೆಗೆ, ಕರುಳಿಗೆ ಒಳ್ಳೆಯದು. ಟ್ರೀಟ್‌ಮೆಂಟ್ ಮುಗಿಸಿದವರಿಗೆ ಅವೂ ಸಣ್ಣ ವಿಷಯವಲ್ಲ. ಆದರೆ ಊಟ ಸರಿ ಇದೆ ಅಂತ ಲೆಟ್ರೊಜೋಲ್ ಬಿಡುವುದು, ಚೆಕಪ್ ತಪ್ಪಿಸುವುದು ಬೇಡ. ಹಾಗೆ ಮಾಡುವವರನ್ನು ನೋಡಿದ್ದೇನೆ.

ಪ್ರೋಟೀನ್ ಲೆಕ್ಕ. ತೂಕ 60 ಕೆಜಿ ಅಂದುಕೊಳ್ಳಿ. ದಿನಕ್ಕೆ 60ರಿಂದ 70 ಗ್ರಾಂ ಬೇಕು. ಒಣಕಾಳು, ಬೇಳೆ 100 ಗ್ರಾಂನಲ್ಲಿ 20ರಿಂದ 24 ಗ್ರಾಂ ಸಿಗುತ್ತದೆ. ಬೇಯಿಸುವ ಮೊದಲಿನ ತೂಕ ಇದು. ಮೂರು ಹೊತ್ತಿಗೆ ಹಂಚಿ 100 ಗ್ರಾಂ ಕಾಳು, ಒಂದು ಹಿಡಿ ಕಡಲೆಕಾಯಿ ಬೀಜ, ಎರಡು ಲೋಟ ಹಾಲು-ಮೊಸರು, ಜೊತೆಗೆ ರಾಗಿ, ಅಕ್ಕಿಯದು ಸೇರಿದರೆ ಮುಟ್ಟುತ್ತದೆ. ಅತ್ತೆಯವರಿಗೆ ಹೇಳಿ, ಕಾಲುಸೂಪಿನ ಒಂದು ಲೋಟಕ್ಕಿಂತ ಟೀಚರಮ್ಮನ ಪಲ್ಯದ ಬಟ್ಟಲೇ ಮೇಲು.

ಸೋಯಾ ತಿನ್ನಬಹುದು. ಸೋಯಾಕಾಳು, ಟೋಫು, ಚಂಕ್ಸ್ ಊಟದ ಪ್ರಮಾಣದಲ್ಲಿ ಸ್ತನ ಕ್ಯಾನ್ಸರ್ ಆದವರಿಗೂ ತೊಂದರೆ ಇಲ್ಲ ಅಂತ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ ಹೇಳುತ್ತದೆ. ಸೋಯಾ ಸಾರದ ಮಾತ್ರೆ ಬೇಡ. ಅರಿಸಿನವೂ ಹಾಗೇ, ಸಾರಿಗೆ ಹಾಕಿ, ಕ್ಯಾಪ್ಸೂಲ್ ವಾಪಸ್ ಕೊಡಿ. ಸ್ತನ ಕ್ಯಾನ್ಸರಿಗೇ ಕೊಡುವ ಇನ್ನೊಂದು ಮಾತ್ರೆ ಟಮಾಕ್ಸಿಫೆನ್ ತಗೊಳ್ಳುವವರಿಗೆ ಅರಿಸಿನದ ಸಾರವನ್ನು ಮೆಣಸಿನ ಸಾರದ ಜೊತೆ ಕೊಟ್ಟಾಗ ರಕ್ತದಲ್ಲಿ ಔಷಧದ ಮಟ್ಟ ಇಳಿದಿದ್ದು 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಕಂಡಿದೆ. ನಿಮ್ಮ ಮಾತ್ರೆ ಬೇರೆ, ಆದರೂ ಡಾಕ್ಟರಿಗೆ ಹೇಳದೆ ಯಾವ ಡಬ್ಬವನ್ನೂ ತೆರೆಯಬೇಡಿ. ಲಕ್ಷ್ಮಣಫಲದ ಎಲೆ ಮನುಷ್ಯರ ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಅದರಲ್ಲಿರುವ ಅನೊನಾಸಿನ್ ಅನ್ನುವ ಅಂಶ ನರಕ್ಕೆ ಕೆಟ್ಟದ್ದು. ಈಗಾಗಲೇ ಬೆರಳು ಜೋಮು ಹಿಡಿದಿರುವವರು ಆ ಕಷಾಯ ಯಾಕೆ ಕುಡಿಯಬೇಕು?

ಸಕ್ಕರೆ ತಿಂದ ತಕ್ಷಣ ಗಡ್ಡೆ ಬೆಳೆಯಲ್ಲ. ಸಕ್ಕರೆ ಜಾಸ್ತಿಯಾಗಿ ತೂಕ ಏರಿದರೆ ಅದು ಒಳ್ಳೆಯದಲ್ಲ, ಅಷ್ಟೇ. ಹೋಳಿಗೆ ದಿನ ಹೋಳಿಗೆ ತಿನ್ನಿ.

ಕಾಫಿ ಕುಡಿಯಿರಿ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಮತ್ತೆ ಪರಿಶೀಲಿಸಿ, ಕಾಫಿ ಕ್ಯಾನ್ಸರ್ ತರುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂದಿತು. ಸಂಶಯ ಇಟ್ಟಿದ್ದು 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯದ ಮೇಲೆ, ಅದೂ ಅನ್ನನಾಳದ ವಿಚಾರದಲ್ಲಿ. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದುಕೊಳ್ಳಿ. ಊಟದ ಜೊತೆಗೇ ಬೇಡ, ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಬಿಡಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ನಾನು ಜಾಸ್ತಿ ಯೋಚಿಸುವುದು ನಿಮ್ಮ ಮೂಳೆ ಬಗ್ಗೆ. ಲೆಟ್ರೊಜೋಲ್ ಮೂಳೆಯನ್ನು ಸವೆಸುತ್ತದೆ, ಕೀಲುನೋವೂ ಹೆಚ್ಚಾಗಿ ಅದರದ್ದೇ. ಕ್ಯಾಲ್ಸಿಯಂ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಬೇಕು. ರಾಗಿ 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಇದೆ, ನುಗ್ಗೆಸೊಪ್ಪು, ಎಳ್ಳು, ಮೊಸರಿನಲ್ಲಿ ಚೆನ್ನಾಗಿದೆ. ಪಾಲಕ್ ಸೊಪ್ಪಿನಲ್ಲಿ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ವಿಟಮಿನ್ ಡಿ ಊಟದಿಂದ ಸಾಲಲ್ಲ, ಟೆಸ್ಟ್ ಮಾಡಿಸಿ. ಹಾಗೇ ಬಿ12. ಗಿಡದ ಆಹಾರದಲ್ಲಿ ಅದು ಇಲ್ಲ. ಮೊಸರು ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಬಿ12 ಕಡಿಮೆಯಾದರೂ ಜೋಮು ಬರುತ್ತದೆ, ಕೀಮೋದಿಂದಲೂ ಬರುತ್ತದೆ. ಯಾವುದು ಅಂತ ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ. ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ನೋಡಿಸಿ. ನಡೆದರೆ ಸುಸ್ತು ಕಡಿಮೆಯಾಗುತ್ತದೆ ಅಂದರೆ ಯಾರೂ ನಂಬಲ್ಲ, ಆದರೆ ನಿಜ. ಕೀಲುನೋವಿಗೂ ಅದೇ ಮದ್ದು.

ಕಾಫಿತೋಟದವಳು (ಮೂಡಿಗೆರೆ)

ಇಷ್ಟು ಬರೆದಿದ್ದೀರಿ, ಏನು ಹೇಳಲಿ. ಎಲೆಯ ಚೀಲ ಗೊಬ್ಬರದ ಗುಂಡಿಗೆ ಹೋಯಿತು. ನಾದಿನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕ್ಯಾಪ್ಸೂಲ್ ವಾಪಸ್ ಕೊಟ್ಟರೆ ಅವರು ಮುಖ ಸಣ್ಣ ಮಾಡುತ್ತಾರೆ. ಅದಕ್ಕೆ "ಡಾಕ್ಟರಿಗೆ ತೋರಿಸುತ್ತೇನೆ" ಅಂದು ಕಪಾಟಿನಲ್ಲಿ ಇಟ್ಟಿದ್ದೇನೆ. ಟೀಚರಮ್ಮನ ಉಪಾಯ ಎಲ್ಲದಕ್ಕೂ ಆಗುತ್ತದೆ ನೋಡಿ!

ಅತ್ತೆಗೆ ಲೆಕ್ಕ ಹೇಳಿದೆ. ನಂಬಲಿಲ್ಲ. ಆದರೆ ಮಾರನೇ ದಿನ ಅವರೇ ಹುರುಳಿ ನೆನೆಹಾಕಿದ್ದರು. "ನಮ್ಮಜ್ಜಿ ಎತ್ತಿಗೂ ಇದನ್ನೇ ಹಾಕುತ್ತಿದ್ದರು, ಎತ್ತಿಗೆ ಶಕ್ತಿ ಇರಲಿಲ್ವಾ" ಅಂದರು. ವಾದ ಅಲ್ಲಿಗೆ ನಿಂತಿತು. ಇವರು, ಮಕ್ಕಳು ಭಾನುವಾರ ಕೋಳಿ ತಿನ್ನಲಿ, ನನ್ನ ಅಭ್ಯಂತರ ಇಲ್ಲ. ಎರಡು ಪಾತ್ರೆ ಇಡುವುದಷ್ಟೇ ಹೆಚ್ಚಿನ ಕೆಲಸ, ಕೋಳಿ ಪಾತ್ರೆ ಅವರೇ ತೊಳೆಯಬೇಕು ಅಂತ ಕಂಡೀಷನ್ ಹಾಕಿದ್ದೇನೆ.

ಬೆಳಗ್ಗೆ ಬಿಸಿಲು ಬಂದ ಮೇಲೆ ತೋಟದ ರಸ್ತೆಯಲ್ಲಿ ಗೇಟಿನವರೆಗೆ ನಡೆಯುತ್ತೇನೆ. ಏರು ಇದೆ, ಮಧ್ಯೆ ನಿಲ್ಲುತ್ತೇನೆ. ಕೊಯ್ಲಿನಲ್ಲಿ ಬುಟ್ಟಿ ಹೊರುವುದು ಬೇಡ ಅಂತ ಇವರು ಹಟ ಹಿಡಿದಿದ್ದಾರೆ. ತೂಕ ಬರೆದುಕೊಳ್ಳುವ ಕೆಲಸ ನನ್ನದು. ಅದೇ ದೊಡ್ಡ ಅಧಿಕಾರ, ಬಿಡಿ.

ಒಂದು ಕೇಳುವುದಿದೆ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟಿದ್ದಾರೆ. ಉಪವಾಸ ಹೋಗಬೇಕಾ? ಇಡೀ ದಿನ ಹಿಡಿಯುತ್ತಾ?

ಹಾಸನದ ಟೀಚರಮ್ಮ

ಉಪವಾಸ ಬೇಡ, ತಿಂಡಿ ತಿಂದೇ ಹೋಗಿ. ಸ್ಕ್ಯಾನ್ ಕಾಲು ಗಂಟೆಯದು, ಕಾಯುವುದೇ ಜಾಸ್ತಿ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ತಗೊಳ್ಳಬೇಡಿ. ಲೋಹದ ಹುಕ್ಕು, ಜಿಪ್ಪು ಇಲ್ಲದ ಬಟ್ಟೆ ಹಾಕಿಕೊಳ್ಳಿ. ಮಿಷನ್ ಎಲ್ಲ ಕಡೆ ಇರಲ್ಲ, ಇದ್ದರೂ ಕೆಲವು ಸಲ ಕೆಟ್ಟಿರುತ್ತದೆ. ಮೂಡಿಗೆರೆಯಿಂದ ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ರಿಪೋರ್ಟಿನ ಜೊತೆ ಫಿಲ್ಮ್ ಕೂಡ ಕೇಳಿ ಇಸ್ಕೊಳ್ಳಿ, ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ.