ಪದಚರ್ಚೆ: ‘ಪಾರ್ವೆ’ ಎಂಬುದಕ್ಕೆ ‘ಹಾಲಿಲ್ಲದ’ ಎಂದರೆ ಸಾಕೇ?

ಮಾನ್ಯರೇ,

ಯೆಹೂದಿಗಳ ಹೊಸ ವರ್ಷವಾದ ರೋಶ್ ಹಶನಾ ಹಬ್ಬದ ಸಿಹಿತಿನಿಸುಗಳ ಕಿರುಹೊತ್ತಗೆ ಈ ವಾರವೇ ಅಚ್ಚಿಗೆ ಹೋಗಬೇಕಾಗಿದೆ, ಹಲ್ವದ ಹೆಸರಿನ ಕೆಳಗೆ ಬರುವ, ಅವರ ಊಟದ ಕಟ್ಟಳೆಗೆ ಸೇರಿದ ‘ಪಾರ್ವೆ’ ಎಂಬ ಪದಕ್ಕೆ ಒಂದು ಸಾಲಿನಲ್ಲಿ ಹಿಡಿಸುವ ಕನ್ನಡ ಬೇಕು ಎಂದು ಅನುವಾದಕಿಯವರು ಕೇಳಿ ಎರಡು ದಿನಗಳಾದವು. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಹಲ್ವ’ದ ವ್ಯುತ್ಪತ್ತಿಯ ಸುತ್ತಲೇ ತಿರುಗಿವೆ. ಪಾಕವನ್ನು ಓದಿದವರು ಕಡಿಮೆ.

ಆ ಹಲ್ವ ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳು ತಮ್ಮ ಹೊಸ ವರ್ಷಕ್ಕೆ ಮಾಡುವ ‘ಚಿಕಾಚಾ ಹಲ್ವಾ’. ಗೋಧಿಯನ್ನು ನೆನೆಸಿ, ಅರೆದು, ಹಿಂಡಿ ತೆಗೆದ ಹಾಲಿಗೆ ತೆಂಗಿನ ಹಾಲನ್ನೂ ಸಕ್ಕರೆಯನ್ನೂ ಸೇರಿಸಿ, ತಳ ಬಿಡುವವರೆಗೆ ಮಗುಚಿ, ಏಲಕ್ಕಿ ಬೆರೆಸಿ, ತಟ್ಟೆಗೆ ಸುರಿದು ಕತ್ತರಿಸುತ್ತಾರೆ. ನಮ್ಮ ಹಾಲುಬಾಯಿಯ ಬಳಗದ್ದೇ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದೆಂಬ ವಿಧಿ ವಿಮೋಚನಕಾಂಡದಲ್ಲಿ ಎರಡು ಕಡೆ (23:19, 34:26), ಧರ್ಮೋಪದೇಶಕಾಂಡದಲ್ಲಿ ಒಂದು ಕಡೆ (14:21) ಬರುತ್ತದೆ. ಅದರಿಂದ ಬೆಳೆದ ಆಚಾರದಂತೆ ಮಾಂಸದ ಊಟದೊಂದಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಸಲ್ಲದು. ಹಬ್ಬದೂಟದಲ್ಲಿ ಮಾಂಸವಿದ್ದರೆ ಕೊನೆಯ ಸಿಹಿಗೂ ಇದೇ ಕಟ್ಟಳೆ. ಮಾಂಸದ್ದು, ಹಾಲಿನದು ಎಂಬ ಎರಡು ಬಗೆಯ ಊಟಕ್ಕೂ ಸಲ್ಲುವ ಧಾನ್ಯ, ಹಣ್ಣು, ತೆಂಗು, ಮೊಟ್ಟೆ, ಮೀನುಗಳು ಪಾರ್ವೆ ಎನಿಸುತ್ತವೆ.

ಆದ್ದರಿಂದ ಉತ್ತರಗಳಲ್ಲಿ ಬಂದ ‘ಸಸ್ಯಾಹಾರಿ’ ತಪ್ಪು. ತುಪ್ಪದ ಮೈಸೂರುಪಾಕು ಸಸ್ಯಾಹಾರವೇ, ಆದರೆ ಪಾರ್ವೆ ಅಲ್ಲ. ‘ಸಾತ್ವಿಕ’ ಎಂಬ ಸಲಹೆಯನ್ನು ಚರ್ಚಿಸುವ ಅಗತ್ಯವಿಲ್ಲ. ‘ಮುಸುರೆಯಲ್ಲದ್ದು’ ಎಂಬ ಸೂಚನೆ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು, ಏಕೆಂದರೆ ಮುಸುರೆಯ ಪಾತ್ರೆಯನ್ನು ಹಾಲುಮೊಸರಿನಿಂದ ದೂರವಿಡುವ ಮನೆಗಳಲ್ಲಿ ಬೆಳೆದವರಿಗೆ ಈ ಬೇರ್ಪಡಿಕೆ ಕೂಡಲೇ ಅರ್ಥವಾಗುತ್ತದೆ. ಆದರೂ ಅದು ಸಲ್ಲದು: ಅನ್ನ ನಮ್ಮಲ್ಲಿ ಮುಸುರೆ, ಅವರಲ್ಲಿ ಪಾರ್ವೆ.

ಉಳಿದದ್ದು ‘ಹಾಲಿಲ್ಲದ’. ಗೋಧಿ ಹಾಲು, ತೆಂಗಿನ ಹಾಲು ಎರಡನ್ನೂ ಹೊಯ್ದು ಮಾಡಿದ ತಿನಿಸಿನ ಮೇಲೆ ‘ಹಾಲಿಲ್ಲದ’ ಎಂದು ಬರೆದರೆ ಓದುವವರು ಏನು ತಿಳಿಯಬೇಕು? ಕನ್ನಡದ ‘ಹಾಲು’ ಗಿಡದ ಸೊನೆಯವರೆಗೂ ಚಾಚುವ ಪದ. ‘ಹೈನು’ ಹಾಗಲ್ಲ, ಅದು ಕರೆದ ಹಾಲಿಗೂ ಅದರಿಂದ ಬಂದದ್ದಕ್ಕೂ ಮಾತ್ರ ನಿಲ್ಲುತ್ತದೆ, ತುಪ್ಪವನ್ನೂ ಒಳಗೊಳ್ಳುತ್ತದೆ. ಹೈನುಗಾರಿಕೆ ಎಂಬ ಮಾತು ಎಲ್ಲರ ಬಾಯಲ್ಲಿರುವಾಗ ಅದರ ಮೂಲಪದವನ್ನು ಹಳತೆಂದು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹೀಬ್ರೂ ಭಾಷೆಯಲ್ಲಿ ಹಾಲಿಗಿರುವ ‘ಹಲಾವ್’, ಕನ್ನಡದ ‘ಹಾಲು’, ‘ಹಲ್ವ’ ಮೂರೂ ಒಂದೇ ಬೇರಿನವು ಎಂದು ಬರೆದವರಿಗೆ: ಅಲ್ಲ. ಹಾಲು ಹಳಗನ್ನಡದಲ್ಲಿ ಪಾಲ್, ತಮಿಳಿನಲ್ಲಿ ಇಂದಿಗೂ ಪಾಲ್. ಹಲ್ವ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಧಾತುವಿಗೆ ಸಿಹಿ ಎಂದು ಅರ್ಥ.

‘ಪಾರ್ವೆ’ ಎಂಬ ಹೊರಪದವನ್ನೇ ತೆಗೆಯಬೇಕೆಂಬ ಹಟವೂ ನನಗೆ ಸರಿಕಾಣುವುದಿಲ್ಲ. ಹಲ್ವವನ್ನು ಉಳಿಸಿಕೊಂಡು ಪಾರ್ವೆಯನ್ನು ಹೊರಗಟ್ಟುವುದು ಯಾವ ನಿಯಮ? ಪದಗಳು ನಮ್ಮ ಕಡೆಯಿಂದ ಅತ್ತಲೂ ಹೋಗಿರಬಹುದು: ಹೀಬ್ರೂ ಬೈಬಲ್ಲಿನಲ್ಲಿ ನವಿಲಿಗೆ ಬಳಸಿದ ಪದ ತಮಿಳಿನ ‘ತೋಕೈ’ಯಿಂದ, ಅಂದರೆ ನಮ್ಮ ‘ಸೋಗೆ’ಯ ಬಳಗದಿಂದ ಹೋದದ್ದೆಂದು ಹೇಳುವ ವಿದ್ವಾಂಸರಿದ್ದಾರೆ. ಆಚಾರದ ಪದ ಆಚಾರದವರದು. ಅದನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಕನ್ನಡದ ಅರ್ಥ ಕೊಡುವುದೇ ಗೌರವದ ದಾರಿ.

ಅನುವಾದಕಿಯವರು ಅಚ್ಚಿಗೆ ಕಳುಹಿಸಬಹುದಾದ ಸಾಲು ಇದು: “ಪಾರ್ವೆ: ಹೈನೂ ಮಾಂಸವೂ ಸೇರದ್ದು.” ಕರಡಿನ ಮೂರನೆಯ ಸಾಲನ್ನು ಮಾತ್ರ ದಯವಿಟ್ಟು ಈಗಲೇ ತಿದ್ದಿರಿ. ‘ಚಿಕಾಚಾ’ ಎಂಬಲ್ಲಿರುವ ಮರಾಠಿಯ ‘ಚೀಕ್’ ಗೋಧಿ ಹಾಲಿಗೂ ಸಲ್ಲುತ್ತದೆ, ಈದ ಹಸುವಿನ ಮೊದಲ ಹಾಲಿಗೂ ಸಲ್ಲುತ್ತದೆ. ನೀವು ಎರಡನೆಯದನ್ನು ಹಿಡಿದು ‘ಗಿಣ್ಣು’ ಎಂದು ಬರೆದಿದ್ದೀರಿ. ಅದು ಹಾಗೆಯೇ ಅಚ್ಚಾದರೆ ಮೇಲಿನ ಸಾಲು ಸುಳ್ಳಾಗುತ್ತದೆ. ಹಾಲುಬಾಯಿ ಮಾಡಿ ರೂಢಿಯಿರುವವರು ಕೇಳದೆಯೇ ತಟ್ಟೆಗೆ ತುಪ್ಪ ಸವರುತ್ತಾರೆ, ಆದ್ದರಿಂದ ಎಣ್ಣೆಯನ್ನೇ ಸವರಬೇಕೆಂದು ವಿಧಾನದಲ್ಲಿ ಸೇರಿಸಿರಿ.