ಸಿಕಂದರಾಬಾದಿನಿಂದ ಗಂಗಾವತಿಗೆ ಮನೆ ಸಾಮಾನು: ಕ್ಲೇಮಿಗೆ ತೂಕದ ಚೀಟಿ ಹೇಗಿರಬೇಕು?

ಗಂಗಾವತಿ ಕಾಲುವೆ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಸೇನೆಯಲ್ಲಿ ಹವಾಲ್ದಾರ್. ಈ ತಿಂಗಳ ಕೊನೆಗೆ ಸಿಕಂದರಾಬಾದಿನಲ್ಲಿ ನಿವೃತ್ತಿ. ಕ್ವಾರ್ಟರ್ಸ್‌ನಲ್ಲಿರುವ ಸಾಮಾನೆಲ್ಲ ಗಂಗಾವತಿಗೆ ಬರಬೇಕು, ಲಾರಿ ನಾವೇ ಗೊತ್ತು ಮಾಡಿದ್ದೇವೆ, ಬಾಡಿಗೆಯನ್ನು ಆಮೇಲೆ ಸರ್ಕಾರದಿಂದ ಕ್ಲೇಮ್ ಮಾಡಬೇಕು. ಇಲ್ಲಿಂದ ಅಕ್ಕಿ ಹೇರಿಕೊಂಡು ಹೋಗುವ 14 ಅಡಿ ಐಷರ್, ವಾಪಸ್ ಬರುವಾಗ ಸಾಮಾನು ತರುತ್ತದೆ. ಬೈಕೂ ಅದರಲ್ಲೇ ಬರುತ್ತದೆ.

ಖಾಲಿ ಲಾರಿಯ ತೂಕವನ್ನು ಇಲ್ಲೇ ಮಿಲ್ಲಿನ ಕಾಟಾದಲ್ಲಿ (ಲಾರಿ ತೂಗುವ ಯಂತ್ರದಲ್ಲಿ) ಮೊದಲೇ ಮಾಡಿಸಿಟ್ಟರೆ ನಡೆಯುತ್ತದೆಯೇ? ಅಥವಾ ಆರ್‌ಸಿಯಲ್ಲಿರುವ ಖಾಲಿ ತೂಕ ಸಾಕೇ? ಲಾರಿ ಮಾಲೀಕರು "ತೂಕಗೀಕ ಯಾಕ್ರೀ, ಬಿಲ್ಲಿನಾಗ 3,000 ಕೆಜಿ ಅಂತ ಬರೆದುಕೊಡ್ತೀನಿ" ಅನ್ನುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾಜಿ ಸೈನಿಕ, ರಾಯಚೂರು

ಮೊದಲು 3,000 ಕೆಜಿ ವಿಷಯ. ಹಾಗೆ ಬರೆಸಿಕೊಳ್ಳಲೇಬೇಡಿ. ಹವಾಲ್ದಾರ್ ಅಂದರೆ ಪೇ ಲೆವೆಲ್ 5, ಸರ್ಕಾರದ ಖರ್ಚಿನಲ್ಲಿ ತರಬಹುದಾದ ಸಾಮಾನಿಗೆ ಅವರ ಮಿತಿ 3,000 ಕೆಜಿ. ಬಿಲ್ಲಿನಲ್ಲಿ ಮಿತಿಯಷ್ಟೇ ತೂಕ ದುಂಡಗೆ ಕೂತಿದ್ದು, ಕಾಟಾ ಚೀಟಿ ಇಲ್ಲದಿದ್ದರೆ ಲೆಕ್ಕ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸಾಗಿಸದ ತೂಕಕ್ಕೆ ದುಡ್ಡು ಕೇಳುವುದು ಸುಳ್ಳು ಕ್ಲೇಮ್. ನಿವೃತ್ತಿಯ ಹೊತ್ತಿನಲ್ಲಿ ಇಂಥದ್ದೊಂದು ಪತ್ರ ಯೂನಿಟ್ಟಿಗೆ ಬಂದರೆ ಆಗುವ ತೊಂದರೆಯ ಮುಂದೆ ಉಳಿಯುವ ಹಣ ಏನೂ ಅಲ್ಲ.

ಇನ್ನು ದರ. ಕೇಂದ್ರ ಸರ್ಕಾರದ 2017ರ ಆದೇಶದ ಪ್ರಕಾರ ರಸ್ತೆ ಮೂಲಕ ತಂದರೆ ಲೆವೆಲ್ 5ಕ್ಕೆ ಕಿಲೋಮೀಟರಿಗೆ 25 ರೂ. ಲೆವೆಲ್ 4 ಮತ್ತು ಕೆಳಗಿನವರಿಗೆ 1,500 ಕೆಜಿ, 15 ರೂ. ಲೆವೆಲ್ 6ರಿಂದ ಮೇಲೆ 6,000 ಕೆಜಿ, 50 ರೂ. ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಈ ದರ ಶೇ. 25 ಏರುತ್ತದೆ ಎಂದು ಅದೇ ಆದೇಶದಲ್ಲಿದೆ. 2024ರ ಜನವರಿಗೆ ಅದು 50 ಮುಟ್ಟಿತು, ಹಾಗಾಗಿ ನಿಮ್ಮಣ್ಣನಿಗೆ 31.25 ರೂ. ಇದು ಗರಿಷ್ಠ ಮಿತಿ, ಕೈಗೆ ಬರುವ ಮೊತ್ತವಲ್ಲ. ದೂರ 500 ಕಿ.ಮೀ. ಅಂತ ಇಟ್ಟುಕೊಳ್ಳಿ, ಮಿತಿ 15,625 ರೂ. ಲಾರಿಗೆ 14,000 ಕೊಟ್ಟಿದ್ದರೆ 14,000 ಸಿಗುತ್ತದೆ, 18,000 ಕೊಟ್ಟಿದ್ದರೆ 15,625.

ಪ್ಯಾಕಿಂಗ್, ಹಮಾಲಿ ಖರ್ಚನ್ನು ಬಾಡಿಗೆ ಬಿಲ್ಲಿಗೆ ಸೇರಿಸಬೇಡಿ. ಮೂಲ ವೇತನದ ಶೇ. 80ರಷ್ಟು ಬರುವ ವರ್ಗಾವಣೆ ಮತ್ತು ಪ್ಯಾಕಿಂಗ್ ಅನುದಾನ ಇರುವುದೇ ಅದಕ್ಕೆ.

ಆರ್‌ಸಿಯಲ್ಲಿರುವ ಖಾಲಿ ತೂಕ ನೆಚ್ಚಬೇಡಿ. ಅದು ನೋಂದಣಿ ದಿನದ ಲೆಕ್ಕ. ಆಮೇಲೆ ಹಾಕಿಸಿದ ಪಟ್ಟಿ, ಸ್ಟೆಪ್ನಿ, ತಾಡಪಾಲು, ಹಗ್ಗ, ಕ್ಯಾಬಿನ್ ಮೇಲಿನ ಕ್ಯಾರಿಯರ್ ಯಾವುದೂ ಅದರಲ್ಲಿ ಸೇರಿರುವುದಿಲ್ಲ.

ಕಾಟಾ ಆಪರೇಟರ್, ಸಿಂಧನೂರು

ಗಂಗಾವತಿಯಲ್ಲಿ ಖಾಲಿ ತೂಕ ಮಾಡಿಸಿದರೆ ಆಗುವ ತೊಂದರೆ ಹೇಳುತ್ತೇನೆ. ಇಲ್ಲಿಂದ ಹೊರಡುವಾಗ ಟ್ಯಾಂಕ್ ತುಂಬಿರುತ್ತದೆ, ಅಲ್ಲಿ ಲೋಡ್ ತೂಕ ಮಾಡುವಾಗ ಅರ್ಧ ಇಳಿದಿರುತ್ತದೆ. 60 ಲೀಟರ್ ಡೀಸೆಲ್ ಅಂದರೆ ಸುಮಾರು 50 ಕೆಜಿ, ಅಷ್ಟೂ ನಿಮ್ಮ ಸಾಮಾನಿನ ತೂಕದಲ್ಲಿ ಕಳೆದುಹೋಗುತ್ತದೆ. ಉಲ್ಟಾನೂ ಆಗುತ್ತದೆ: ಅಕ್ಕಿ ಇಳಿಸಿದ ಮೇಲೆ ಗುಡಿಸದ ನುಚ್ಚು, ಒದ್ದೆ ಚೀಲ, ಇನ್ನೊಬ್ಬರ ಪಾರ್ಸಲ್ ಬಾಡಿಯಲ್ಲಿ ಉಳಿದಿದ್ದರೆ ಅದೂ ಸಾಮಾನಾಗಿ ಎಣಿಕೆಯಾಗುತ್ತದೆ. ಬಳ್ಳಾರಿ ಕಡೆ ಅದಿರು ಹೊಡೆದ ಗಾಡಿ ಗೊತ್ತು ಮಾಡುವವರಂತೂ ಬಾಡಿ ಕೆರೆಸಿ, ಗುಡಿಸಿದ ಮೇಲೆಯೇ ಖಾಲಿ ತೂಕ ತೆಗೆಸಬೇಕು.

ಸರಿಯಾದ ಕ್ರಮ ಇದು. ಅಕ್ಕಿ ಇಳಿಸಿ, ಬಾಡಿ ಗುಡಿಸಿ, ಕ್ವಾರ್ಟರ್ಸ್ ಹತ್ತಿರದ ಕಾಟಾದಲ್ಲಿ ಖಾಲಿ ತೂಕ. ಸಾಮಾನು ಹೇರಿ ಅದೇ ದಿನ, ಅದೇ ಕಾಟಾದಲ್ಲಿ ಲೋಡ್ ತೂಕ. ನಡುವೆ ಡೀಸೆಲ್ ಹಾಕಿಸಬಾರದು. ಡ್ರೈವರ್, ಕ್ಲೀನರ್ ಎರಡು ಸಲವೂ ಒಳಗಿರಲಿ ಅಥವಾ ಎರಡು ಸಲವೂ ಕೆಳಗಿಳಿಯಲಿ. ತಾಡಪಾಲು ಎರಡು ಸಲವೂ ಗಾಡಿಯಲ್ಲೇ ಇರಲಿ.

ಗಾಡಿ ಹತ್ತುವ ಮುಂಚೆ ಡಿಸ್‌ಪ್ಲೇ ಸೊನ್ನೆ ತೋರಿಸುತ್ತಿದೆಯಾ ನೋಡಿ. ಮಳೆಗಾಲದಲ್ಲಿ ಪ್ಲಾಟ್‌ಫಾರ್ಮಿನ ಅಂಚಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಣ್ಣು, ಕಲ್ಲು ಸಿಕ್ಕಿಕೊಂಡರೆ ಪ್ಲಾಟ್‌ಫಾರ್ಮ್ ಸಲೀಸಾಗಿ ಕೂರುವುದಿಲ್ಲ, ತೂಕ ಕಡಿಮೆ ಬೀಳುತ್ತದೆ. ಎಲ್ಲ ಗಾಲಿಗಳೂ ಒಳಗಿರಬೇಕು, ಅಂಕಿ ಅಲ್ಲಾಡುವುದು ನಿಂತ ಮೇಲೆ ಪ್ರಿಂಟ್ ಕೊಡಬೇಕು.

ಚೀಟಿಯಲ್ಲಿ ಆರ್‌ಎಸ್‌ಟಿ ನಂಬರ್ (ಚೀಟಿಯ ಕ್ರಮಸಂಖ್ಯೆ), ಗಾಡಿ ನಂಬರ್, ಪಾರ್ಟಿ ಹೆಸರು, ಸರಕು, ಗ್ರಾಸ್ (ಲೋಡ್ ತೂಕ), ಟೇರ್ (ಖಾಲಿ ತೂಕ), ನೆಟ್ (ಸಾಮಾನಿನ ತೂಕ), ಎರಡೂ ತೂಕದ ತಾರೀಖು ಮತ್ತು ವೇಳೆ ಇರುತ್ತವೆ. ಪಾರ್ಟಿ ಜಾಗದಲ್ಲಿ ನಿಮ್ಮಣ್ಣನ ಹೆಸರು, ಸರಕಿನ ಜಾಗದಲ್ಲಿ "ಮನೆ ಸಾಮಾನು" ಅಂತ ಹೇಳಿ ಬರೆಸಿ. ಹೇಳದಿದ್ದರೆ ಹಿಂದಿನ ಗಾಡಿಯ ಸರಕೇ ಸಾಫ್ಟ್‌ವೇರಿನಲ್ಲಿ ಕೂತಿರುತ್ತದೆ, ಮಂಚ ಬೀರು ತುಂಬಿದ ಲಾರಿಯ ಚೀಟಿಯಲ್ಲಿ "ಅಕ್ಕಿ" ಅಂತ ಬರುತ್ತದೆ. ಮೊದಲ ತೂಕಕ್ಕೂ ಪ್ರಿಂಟ್ ಕೇಳಿ ಪಡೆಯಿರಿ, ಆಪರೇಟರ್ ಬದಲಾದಾಗ ಬಾಕಿ ಎಂಟ್ರಿ ಅಳಿಸಿಹೋಗುವುದುಂಟು. ಎರಡನೇ ಸಲ ಅದೇ ಆರ್‌ಎಸ್‌ಟಿ ನಂಬರಿನಲ್ಲೇ ತೂಕ ಮುಗಿಸಬೇಕು, ಆಗ ಮೂರೂ ಅಂಕಿ ಒಂದೇ ಚೀಟಿಯಲ್ಲಿ ಬರುತ್ತವೆ. ಕಾಟಾದವರ ಸಹಿ, ಸೀಲು ಬೇಕು.

ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಪ್ರಮಾಣಪತ್ರ ಆಫೀಸಿನ ಗೋಡೆಗೆ ಇರುತ್ತದೆ, ಒಂದು ಫೋಟೊ ಹೊಡೆದುಕೊಳ್ಳಿ.

ಗಂಗಾವತಿ ಕಾಲುವೆ

ತುಂಬಾ ಉಪಕಾರ ಆಯ್ತು ಸರ್. ಲೋಡ್ ಮಾಡುವ ದಿನ ಅಲ್ಲಿ ಕಾಟಾ ಸಿಗದಿದ್ದರೆ ಏನು ಮಾಡಬೇಕು? ಬೈಕಿನ ತೂಕ ಬೇರೆ ತೆಗೆಯಬೇಕೇ?

ಕಾಟಾ ಆಪರೇಟರ್, ಸಿಂಧನೂರು

ಅಲ್ಲಿ ಆಗದಿದ್ದರೆ ಇಲ್ಲಿ ತಿರುವುಮುರುವು ಮಾಡಿ. ಗಂಗಾವತಿ ಮುಟ್ಟಿದ ಕೂಡಲೇ ಲೋಡ್ ತೂಕ, ಸಾಮಾನು ಇಳಿಸಿ ಬಂದು ಅದೇ ಕಾಟಾದಲ್ಲಿ ಖಾಲಿ ತೂಕ. ನೆಟ್ ಅಷ್ಟೇ ಸರಿ ಬರುತ್ತದೆ. ದಾರಿಯಲ್ಲಿ ರಾಯಚೂರಿನಲ್ಲಿ ಲೋಡ್ ತೂಕ, ಗಂಗಾವತಿಯಲ್ಲಿ ಖಾಲಿ ತೂಕ ಅಂತ ಬೇರೆ ಬೇರೆ ಕಾಟಾ ಮಾಡಬೇಡಿ. ಎರಡು ಯಂತ್ರಗಳ ವ್ಯತ್ಯಾಸ, ನಡುವೆ ಉರಿದ ಡೀಸೆಲ್ ಎರಡೂ ಸೇರಿಕೊಳ್ಳುತ್ತವೆ. ಭತ್ತದ ಸುಗ್ಗಿಯಲ್ಲಿ ಮಿಲ್ಲಿನ ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲು ದೊಡ್ಡದಿರುತ್ತದೆ, ಬೆಳಗಿನ ಜಾವ ಹೋಗಿ.

ಬೈಕನ್ನು ಲಾರಿ ಕಾಟಾದಲ್ಲಿ ತೂಗಿ ಪ್ರಯೋಜನವಿಲ್ಲ. 60 ಟನ್ನಿನ ಕಾಟಾ ಸಾಮಾನ್ಯವಾಗಿ 10 ಕೆಜಿಗೆ ಒಂದು ಹೆಜ್ಜೆ ಏರುತ್ತದೆ, ದೊಡ್ಡದಾದರೆ 20. ನೂರು ಚಿಲ್ಲರೆ ಕೆಜಿ ಗಾಡಿಗೆ ಆ ಲೆಕ್ಕ ನಿಖರವಲ್ಲ. ಬೈಕ್ ಹತ್ತಿಸುವ ಮುಂಚೆ ಲೋಡ್ ತೂಕ ತೆಗೆಯಿರಿ.

ಲಾರಿ ಬುಕಿಂಗ್, ಹೊಸಪೇಟೆ ರಸ್ತೆ

ಬೈಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಾಟಾ ಮುಂದೆ ಬೈಕ್ ಎತ್ತಿ ಹಾಕಲು ಹಮಾಲರು ಬೇಕು, ಹಗ್ಗ ಮತ್ತೆ ಬಿಚ್ಚಿ ಕಟ್ಟಬೇಕು. ಬೈಕ್ ಸಮೇತ ತೂಗಿ, ಲಾರಿ ರಸೀದಿ ಅಂದರೆ ಎಲ್‌ಆರ್‌ನಲ್ಲಿ ಬೇರೆ ಸಾಲಿನಲ್ಲಿ ಬೈಕ್ ನಂಬರ್ ಮತ್ತು ಅದರ ಆರ್‌ಸಿ ತೂಕ ಬರೆಸಿ ಕಳೆಯುವುದು ಸುಲಭ. ಆರ್‌ಸಿ ತೂಕಕ್ಕೂ ನಿಜವಾದ ತೂಕಕ್ಕೂ ಬೈಕಿನಲ್ಲಿ ಲಾರಿಯಷ್ಟು ವ್ಯತ್ಯಾಸ ಇರುವುದಿಲ್ಲ. ಯಾವ ರೀತಿ ಮಾಡಿದರೂ ವಾಹನ ಸಾಗಣೆ ಬೇರೆ ಬಾಬ್ತು, ಮನೆ ಸಾಮಾನಿನ ತೂಕದಲ್ಲಿ ಅದು ಎರಡನೇ ಸಲ ಬರಬಾರದು. ಪೆಟ್ರೋಲ್ ತೆಗೆದೇ ಹತ್ತಿಸಿ.

ಎಲ್‌ಆರ್ ಬಗ್ಗೆ ಯಾರೂ ಹೇಳಲಿಲ್ಲ. ಕ್ರಮಸಂಖ್ಯೆ, ಕಳಿಸುವವರ ಮತ್ತು ಪಡೆಯುವವರ ಹೆಸರು, ಲಾರಿ ನಂಬರ್, ಎಲ್ಲಿಂದ ಎಲ್ಲಿಗೆ, ಸರಕಿನ ವಿವರ, ಒಟ್ಟು ತೂಕ ಅದರಲ್ಲಿರಬೇಕು. ಜಿಎಸ್‌ಟಿ ನಿಯಮದಲ್ಲೂ ಸಾಗಣೆದಾರರ ಬಿಲ್ಲಿಗೆ ಒಟ್ಟು ತೂಕ ಕೇಳುತ್ತಾರೆ. ಇಲ್ಲಿ "ಒಟ್ಟು ತೂಕ" ಅಂದರೆ ಸರಕಿನದು, ಲಾರಿ ಸೇರಿದ್ದಲ್ಲ. ಕಾಟಾ ಚೀಟಿಯ ಗ್ರಾಸ್ 5,910, ಟೇರ್ 3,640 ಇದ್ದರೆ ಎಲ್‌ಆರ್‌ನಲ್ಲಿ 2,270 ಬರಬೇಕು. ಗುಮಾಸ್ತರು 5,910 ಅಂತ ಬರೆದುಬಿಟ್ಟರೆ ಬಿಲ್ ವಾಪಸ್ ಬರುತ್ತದೆ. ಆದ್ದರಿಂದ ತೂಕವಾದ ಮೇಲೆ ಎಲ್‌ಆರ್ ಬರೆಸಿ, ಮುಂಚೆ ಅಲ್ಲ.

ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಡ. ಆದರೆ ಸಾಮಾನಿನ ಪಟ್ಟಿ ಡ್ರೈವರ್ ಕೈಯಲ್ಲಿರಲಿ, ತೆಲಂಗಾಣ ಗಡಿ ದಾಟುವಾಗ ಕೇಳಿದರೆ ತೋರಿಸಬಹುದು. ಹಣವನ್ನು ಬಿಲ್ಲಿನಲ್ಲಿರುವ ಹೆಸರಿನ ಖಾತೆಗೇ ಹಾಕಿ, ಡ್ರೈವರ್ ಫೋನಿಗೆ ಬೇಡ. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಲಾರಿ ಮಾಲೀಕರ ಬಳಿ ಇರುತ್ತದೆ, ಬಾಡಿಗೆಯ ಕೊನೆ ಕಂತು ಕೊಡುವ ಮುಂಚೆ ಆ ದಿನದ್ದು ತರಿಸಿಕೊಳ್ಳಿ. ಟೋಲ್ ದಾಟಿದ ತಾರೀಖು ಎಲ್‌ಆರ್ ತಾರೀಖಿಗೆ ಹೊಂದಬೇಕು.

ಮಾಜಿ ಸೈನಿಕ, ರಾಯಚೂರು

ಬೈಕಿಗೆ ಬುಕಿಂಗ್‌ನವರು ಹೇಳಿದ್ದೇ ಅನುಕೂಲ, ಕಳೆದ ಲೆಕ್ಕ ಎಲ್‌ಆರ್ ಮೇಲೆ ಕಾಣಬೇಕು ಅಷ್ಟೆ.

ಎರಡು ಮಾತು ಬಿಟ್ಟಿತ್ತು. ಕಾಟಾ ಚೀಟಿ ಥರ್ಮಲ್ ಕಾಗದದ್ದಾದರೆ ಲಾರಿಯ ಡ್ಯಾಶ್‌ಬೋರ್ಡ್ ಬಿಸಿಲಿಗೇ ಕಪ್ಪಾಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಅಸಲನ್ನು ಪ್ಲಾಸ್ಟಿಕ್ ಹಾಳೆಗೆ ಒತ್ತದೆ ಕಾಗದದ ಲಕೋಟೆಯಲ್ಲಿಡಿ, ಲ್ಯಾಮಿನೇಷನ್ ಬೇಡವೇ ಬೇಡ.

ನಿವೃತ್ತಿ ಪ್ರಯಾಣದ ಕ್ಲೇಮಿಗೆ ಪ್ರಯಾಣ ಮುಗಿದ ಮೇಲೆ 180 ದಿನ ಅವಕಾಶವಿದೆ. ಮಾಮೂಲಿ ಪ್ರಯಾಣ ಬಿಲ್ಲಿನ 60 ದಿನದ ಲೆಕ್ಕ ಇದಕ್ಕಲ್ಲ. ಹಾಗಂತ ತಡ ಮಾಡಬೇಡಿ. ಚೀಟಿಯಲ್ಲಿ ಗಾಡಿ ನಂಬರಿನ ಒಂದು ಅಂಕಿ ತಪ್ಪಿದ್ದರೂ ಅದನ್ನು ತಿದ್ದಿ ಸೀಲು ಹಾಕಬೇಕಾದವರು ಸಿಕಂದರಾಬಾದಿನ ಕಾಟಾದವರೇ. ಲಾರಿ ಅಲ್ಲಿಂದ ಹೊರಡುವ ಮುಂಚೆ ಚೀಟಿ, ಎಲ್‌ಆರ್, ನಂಬರ್ ಪ್ಲೇಟ್ ಮೂರನ್ನೂ ಪಕ್ಕಪಕ್ಕ ಹಿಡಿದು ಓದಲು ನಿಮ್ಮಣ್ಣನಿಗೆ ಹೇಳಿ.